ಅಮಾರೊನ ದುಭಾಷಿ

ದುಭಾಷಿಗೆ ಮೊದಲು ನೋಯುವುದು ಕತ್ತು. ಎಡಕ್ಕೆ ಕೂತವರ ಮಾತು ಕೇಳಿ ಬಲಕ್ಕೆ ತಿರುಗಿ ಹೇಳಬೇಕು, ಬಲಕ್ಕೆ ಕೂತವರದ್ದನ್ನು ಕೇಳಿ ಎಡಕ್ಕೆ. ಮೊದಲ ಕೆಲವು ವರ್ಷ ನಾನು ಹಾಗೇ ಮಾಡಿ ಮನೆಗೆ ಹೋಗಿ ಕತ್ತಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೆ. ಇಬ್ಬರ ನಡುವೆ ಕೂರಬಾರದು, ಒಬ್ಬರ ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ, ಓರೆಯಾಗಿ ಕುರ್ಚಿ ಹಾಕಿಕೊಳ್ಳಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಮೊದಲು ಕುರ್ಚಿ ಎಲ್ಲಿದೆ ನೋಡಿಕೊಳ್ಳಿ. ನಾನು ಕೊಡಬಹುದಾದ ಖಚಿತವಾದ ಬುದ್ಧಿಮಾತು ಬಹುಶಃ ಅದೊಂದೇ. ಉಳಿದದ್ದೆಲ್ಲ ನನಗೆ ಆದದ್ದು. ನಿಮಗೂ ಹಾಗೇ ಆಗಬೇಕೆಂದಿಲ್ಲ.

ನನ್ನೂರು ಕಾರವಾರ. ತಾಯಿಯ ತವರು ಗೋವೆಯ ಕಾಣಕೋಣ. ನಾನು ಹುಟ್ಟಿದ್ದು ಅಲ್ಲಿ, ಅಜ್ಜನ ಮನೆಯಲ್ಲಿ. ಆಗ ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಹಾಗಾಗಿ ನಾನು ಶಾಲೆಯಲ್ಲಿ ಮೊದಲು ಕಲಿತ ಅಕ್ಷರ ಅವರದ್ದು. ಗೋವೆ ಬಿಡುಗಡೆಯಾದ ಮೇಲೆ ತಂದೆ ನನ್ನನ್ನು ಕಾರವಾರಕ್ಕೆ ಕರೆತಂದು ಕನ್ನಡ ಶಾಲೆಗೆ ಸೇರಿಸಿದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ರಜೆಯಲ್ಲಿ ಅಜ್ಜನ ಮುಂದೆ ಪೋರ್ಚುಗೀಸು. ದೊಡ್ಡವನಾದ ಮೇಲೆ ಹಡಗಿನ ಕೆಲಸಕ್ಕೆ ಸೇರಿ ಲಿಸ್ಬನ್ ಬಂದರಿನಲ್ಲಿ ಕೆಲವು ವರ್ಷ ಕಳೆದೆ. ಅಜ್ಜ ಕಲಿಸಿದ್ದ ಭಾಷೆಗೆ ಬಂದರಿನ ಕೂಲಿಗಳ ಬೈಗುಳ ಸೇರಿ ನನ್ನ ಪೋರ್ಚುಗೀಸು ಪೂರ್ತಿಯಾಯಿತು. ಆಮೇಲೆ ಮದುವೆ, ಬರ್ಮಿಂಗ್‌ಹ್ಯಾಮ್, ಬಸ್ ಡಿಪೊದಲ್ಲಿ ಗುಮಾಸ್ತಿಕೆ.

ಡಿಪೊದ ಕೆಲಸ ಹೋದ ಮೇಲೆ ದುಭಾಷಿಯಾದೆ. ಗೋವೆ, ದಮನ್ ಕಡೆಯವರು ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಮಿಡ್‌ಲ್ಯಾಂಡ್ಸ್‌ಗೆ ಬಂದು, ಬರ್ಮಿಂಗ್‌ಹ್ಯಾಮಿನ ಸುತ್ತಮುತ್ತ ನೆಲೆಸತೊಡಗಿದ್ದರು. ಪೋರ್ಚುಗಲ್ಲಿನವರೂ ಬರುತ್ತಿದ್ದರು. ಆಸ್ಪತ್ರೆಗೆ, ಕೋರ್ಟಿಗೆ, ಕೌನ್ಸಿಲ್ ಆಫೀಸಿಗೆ ಅವರ ಜೊತೆ ಹೋಗಿ ಕೂರಲು ಒಬ್ಬರು ಬೇಕಿತ್ತು. ನಿಯಮ ಸರಳವಾಗಿತ್ತು. ಕೋಣೆಯೊಳಗೆ ಆಡಿದ್ದನ್ನೆಲ್ಲ ಹೇಳಬೇಕು, ಆಡದ್ದನ್ನು ಹೇಳಬಾರದು. ಒಮ್ಮೆ ದಮನ್ನಿನ ಮುದುಕಿಯೊಬ್ಬರಿಗೆ ಡಾಕ್ಟರು ಹೊಟ್ಟೆಯಲ್ಲಿ ಏನಾಗಿದೆಯೆಂದು ವಿವರಿಸುತ್ತಿದ್ದರು. ಪಕ್ಕದಲ್ಲಿದ್ದ ಮಗ ನನ್ನ ತೋಳು ಹಿಡಿದು ಆ ಶಬ್ದವನ್ನು ಮಾತ್ರ ಅವ್ವನಿಗೆ ಹೇಳಬೇಡಿ ಎಂದು ಬೇಡಿಕೊಂಡ. ನಾನು ಆ ಶಬ್ದವನ್ನೂ ಹೇಳಿದೆ, ಹೇಳಬೇಡಿ ಎಂದು ಮಗ ಕೇಳಿಕೊಂಡದ್ದನ್ನೂ ಹೇಳಿದೆ. ಮುದುಕಿ ಮಗನ ತಲೆ ಸವರಿದರು. ಮಗ ಮಾತ್ರ ಹೊರಗೆ ಬಂದವನೇ ನನ್ನ ಕಾಲ ಬಳಿ ಉಗುಳಿದ. ಇಂಥ ದಿನಗಳು ತಿಂಗಳಿಗೆ ಒಂದಾದರೂ ಇರುತ್ತಿದ್ದವು.

ಫುಟ್‌ಬಾಲಿಗೆ ನನ್ನನ್ನು ಎಳೆದವರು ಡಾಕ್ಟರ್ ಶೈಲಜಾ. ಮೈಸೂರಿನವರು. ಬರ್ಮಿಂಗ್‌ಹ್ಯಾಮಿನ ಅಂಚಿನ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಬಡಾವಣೆಯ ಜನರನ್ನು ನೋಡುವ ಜಿಪಿ ಡಾಕ್ಟರಾಗಿದ್ದರು, ಶನಿವಾರಗಳಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬಿನ ಡಾಕ್ಟರ್. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಎರಡನೇ ದರ್ಜೆಯ ತಂಡ. ಪ್ರತಿ ವರ್ಷವೂ ಮೊದಲನೇ ದರ್ಜೆಗೆ ಏರುತ್ತೇವೆ ಎಂದು ಆಗಸ್ಟಿನಲ್ಲಿ ನಂಬುತ್ತಿತ್ತು, ಮಾರ್ಚಿನಲ್ಲಿ ನಂಬುವುದನ್ನು ಬಿಡುತ್ತಿತ್ತು. ಶೈಲಜಾ ಅವರ ಪರಿಚಯ ಒಂದು ದೀಪಾವಳಿ ಊಟದಲ್ಲಿ ಆಗಿತ್ತು. ಒಂದು ದಿನ ಫೋನ್ ಮಾಡಿ, "ದಾಮೋದರ್ ಅವ್ರೆ, ನೀವು ಫುಟ್‌ಬಾಲ್ ನೋಡ್ತೀರಾ?" ಎಂದು ಕೇಳಿದರು. ಇಲ್ಲವೆಂದೆ. "ಒಳ್ಳೇದೇ ಆಯ್ತು. ಇಲ್ಲಿ ನೋಡೋರೆಲ್ಲ ಹುಚ್ಚರೇ. ನಮಗೊಬ್ಬ ಪೋರ್ಚುಗೀಸ್ ಪ್ಲೇಯರ್ ಬಂದಿದಾರೆ, ಬನ್ನಿ" ಎಂದರು.

ಆತನೇ ಅಮಾರೊ. ಲಿಸ್ಬನ್ನಿನ ದಕ್ಷಿಣಕ್ಕಿರುವ ಮೀನುಗಾರರ ಊರಿನವನು. ಮೂವತ್ತು ದಾಟಿತ್ತು. ಅಗಲ ಭುಜ, ಸಣ್ಣ ಕಣ್ಣು, ಎರಡು ಸಲ ಮುರಿದು ಕೂಡಿದ ಮೂಗು. ಹೆಂಡತಿ ಲೂರ್ದೆಸ್ ಊರಿನಲ್ಲಿ ನರ್ಸ್ ಆಗಿದ್ದವಳು. ಒಬ್ಬಳು ಪುಟ್ಟ ಮಗಳು. ನಾನು ಲಿಸ್ಬನ್ ಬಂದರಿನ ಭಾಷೆಯಲ್ಲಿ ನಮಸ್ಕಾರ ಹೇಳಿದಾಗ ಅಮಾರೊ ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ತಾತನೂ ಹೀಗೇ ಮಾತಾಡುತ್ತಿದ್ದ ಎಂದ. ಅವತ್ತಿನಿಂದ ನಾನು ಅವನಿಗೆ 'ಸೆನ್ಯೋರ್ ದಾಮೊ'. ಅದು ಅವರಲ್ಲಿ ಹಿರಿಯರನ್ನು ಕರೆಯುವ ರೀತಿ.

ಅವನು ಆಡುತ್ತಿದ್ದ ಜಾಗಕ್ಕೆ ಡಿಫೆನ್ಸಿವ್ ಮಿಡ್‌ಫೀಲ್ಡರ್ ಎನ್ನುತ್ತಾರೆ. ಅದೇನೆಂದು ನನಗೆ ತಿಳಿದಿರಲಿಲ್ಲ. ಅವನೇ ಅಡುಗೆಮನೆಯ ಮೇಜಿನ ಮೇಲೆ ಲೋಟ, ಚಮಚಗಳನ್ನಿಟ್ಟು ತೋರಿಸಿದ. ಹಿಂದೆ ನಾಲ್ವರು ರಕ್ಷಕರು, ಮುಂದೆ ಗೋಲು ಹೊಡೆಯುವವರು. ನಡುವೆ ಒಬ್ಬ. ಎದುರಾಳಿ ಎಲ್ಲಿಗೆ ಚೆಂಡು ಕಳಿಸುತ್ತಾನೆಂದು ಮೊದಲೇ ಅಂದಾಜು ಮಾಡಿ ಅಲ್ಲಿ ಹೋಗಿ ನಿಲ್ಲಬೇಕು. ಚೆಂಡನ್ನು ಕಸಿದು ಹತ್ತಿರದವನಿಗೆ ದಾಟಿಸಬೇಕು, ಅಷ್ಟೇ. ಗೋಲು ಹೊಡೆಯುವುದು ಅವನ ಕೆಲಸವಲ್ಲ. ಇಷ್ಟು ವರ್ಷ ಆಡಿ ಹೊಡೆದ ಗೋಲುಗಳು ಒಂದು ಕೈಯ ಬೆರಳಿಗೆ ಸಿಗುವಷ್ಟು ಎಂದು ನಕ್ಕ. ಚೆನ್ನಾಗಿ ಆಡಿದ ದಿನ ತಾನು ಮೈದಾನದಲ್ಲಿದ್ದೆನೆಂದೇ ಜನಕ್ಕೆ ಗೊತ್ತಾಗುವುದಿಲ್ಲ, ಒಂದು ಸಲ ತಪ್ಪಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದ. ಕೇಳಿ ನನಗೆ ಅವನ ಮೇಲೆ ಅಭಿಮಾನ ಹುಟ್ಟಿತು.

ಕ್ಲಬ್ಬಿನ ಕೆಲಸವೆಂದರೆ ಮೈದಾನದ ಕೆಲಸವೆಂದು ತಿಳಿಯಬೇಡಿ. ಮುಕ್ಕಾಲು ಭಾಗ ಮನೆಯ ಕೆಲಸ. ಅವರಿಗೆ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಬಾಡಿಗೆ ಮನೆ ಹಿಡಿಸಿದೆವು. ಮನೆ ಬಿಸಿಮಾಡುವ ಬಾಯ್ಲರ್ ಕೆಟ್ಟರೆ ಫೋನು ನನಗೆ. ಕೌನ್ಸಿಲ್ ಟ್ಯಾಕ್ಸ್ ಎಂದರೇನು, ಯಾವ ಕಸ ಯಾವ ಡಬ್ಬಿಗೆ, ಮಗಳ ಶಾಲೆಯಲ್ಲಿ ಯಾಕೆ ಇಷ್ಟು ಬೇಗ ಊಟ ಕೊಡುತ್ತಾರೆ, ಎಲ್ಲಕ್ಕೂ ನಾನೇ. ಪಕ್ಕದ ಮನೆಯ ಯಜಮಾನರೊಬ್ಬರು ಬೇಲಿಯ ಗಿಡ ಕತ್ತರಿಸುವ ವಿಷಯದಲ್ಲಿ ಅಮಾರೊನ ಜೊತೆ ಒಂದು ಮಧ್ಯಾಹ್ನವೆಲ್ಲ ವಾದ ಮಾಡಿದರು. ನಾನು ನಡುವೆ ನಿಂತು ಇಬ್ಬರ ಸಿಟ್ಟನ್ನೂ ದಾಟಿಸಿದೆ. ಕೊನೆಗೆ ಇಬ್ಬರೂ ಕೈ ಕುಲುಕಿ ಒಳಗೆ ಹೋದರು. ಸಿಟ್ಟಿನ ಬಳಲಿಕೆ ನನಗೆ ಉಳಿಯಿತು. ಇದು ಈ ವೃತ್ತಿಯ ವಿಚಿತ್ರ. ಮಾತು ಬೇರೆಯವರದ್ದು, ಆದರೆ ಅದು ಹಾದುಹೋಗುವುದು ನಮ್ಮ ಮೈಯೊಳಗಿಂದ.

ಲೂರ್ದೆಸ್ ಜಾಣೆ. ಮಗಳ ಶಾಲೆಯ ಬಾಗಿಲಲ್ಲಿ ನಿಂತು ನಿಂತು ಮೊದಲ ಚಳಿಗಾಲ ಕಳೆಯುವುದರೊಳಗೆ ಇಂಗ್ಲಿಷು ಕಲಿತಳು. ಅಮಾರೊ ಕಲಿಯಲಿಲ್ಲ. ಅವನಿಗೆ ಬೇಗ ಬಂದದ್ದು ಎರಡೇ ಮಾತು, 'ಮೈ ಬಾಲ್' ಮತ್ತು 'ಐ ಆಮ್ ಫೈನ್'. ಮೊದಲನೆಯದು ಮೈದಾನಕ್ಕೆ, ಎರಡನೆಯದು ಡಾಕ್ಟರಿಗೆ.

ತಂಡವನ್ನು ಆಡಿಸುವ ನಮ್ಮ ಮ್ಯಾನೇಜರು ಯಾರ್ಕ್‌ಶೈರ್‌ನವರು. ಕೆಟ್ಟ ಮನುಷ್ಯರಲ್ಲ. ಆದರೆ ಪ್ರತಿ ವಾಕ್ಯಕ್ಕೂ ಎರಡು ಬೈಗುಳ ಬೇಕು. ಬೈಗುಳವನ್ನೂ ಹೇಳಬೇಕೇ ಎಂಬುದು ಹೊಸ ದುಭಾಷಿಗಳು ಯಾವಾಗಲೂ ಕೇಳುವ ಪ್ರಶ್ನೆ. ಹೇಳಬೇಕು. ಆದರೆ ಸಿಟ್ಟಿನ ಬೈಗುಳ ಬೇರೆ, ಸಲುಗೆಯ ಬೈಗುಳ ಬೇರೆ. ಅದರ ತೂಕ ನೋಡಿ ಇನ್ನೊಂದು ಭಾಷೆಯಲ್ಲಿ ಅದೇ ತೂಕದ್ದನ್ನು ಹುಡುಕಬೇಕು. ಲಿಸ್ಬನ್ ಬಂದರು ನನ್ನ ಕೈಹಿಡಿಯಿತು. ನಾನು ಎಡವಿದ್ದು ಸಾದಾ ಮಾತಿನಲ್ಲಿ. ಮೊದಲ ವಾರ ಮ್ಯಾನೇಜರು ಅಮಾರೊನ ಕಡೆ ಬೆರಳು ತೋರಿಸಿ 'ಸಿಟ್, ಸಿಟ್' ಎಂದು ಕೂಗಿದರು. ನಾನು ಹಾಗೇ ಕೂತುಕೋ ಎಂದೆ. ಅಮಾರೊ ತಬ್ಬಿಬ್ಬಾಗಿ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟ. ಆ ಆಟದಲ್ಲಿ 'ಸಿಟ್' ಎಂದರೆ ಮುಂದೆ ನುಗ್ಗದೆ ನಿನ್ನ ಜಾಗ ಕಾಯಿ ಎಂದರ್ಥವಂತೆ. ತಂಡವೆಲ್ಲ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ನಾನು ಪಂದ್ಯ ನೋಡಲು ಕಲಿತೆ. ಯಾವುದರ ಬಗ್ಗೆ ಮಾತು ನಡೆಯುತ್ತಿದೆಯೆಂದು ಕಾಣದೆ ಶಬ್ದವನ್ನಷ್ಟೇ ದಾಟಿಸುವುದು ಕುರುಡ ದಾರಿ ತೋರಿಸಿದ ಹಾಗೆ.

ಆ ವರ್ಷಗಳಲ್ಲಿ ಕೆಲಸದ ರೀತಿಯೂ ಬದಲಾಗುತ್ತಿತ್ತು. ನಾನು ಸೇರಿದಾಗ ಮ್ಯಾನೇಜರು ಬಿಳಿ ಹಲಗೆಯ ಮೇಲೆ ಗೀಟು ಎಳೆದು ವಿವರಿಸುತ್ತಿದ್ದರು. ಅವರು ಉಸಿರು ತೆಗೆದುಕೊಳ್ಳುವಾಗ ನಾನು ಹೇಳುತ್ತಿದ್ದೆ. ಆಮೇಲೆ ವಿಡಿಯೊ ಬಂತು, ಆಟಗಾರರ ಬೆನ್ನಿಗೆ ಓಟ ಅಳೆಯುವ ಯಂತ್ರ ಬಂತು, ಆಮೇಲೆ ಫೋನಿನಲ್ಲೇ ಅನುವಾದ ಮಾಡುವ ಆ್ಯಪ್ ಬಂತು. ಸಹಾಯಕ ಕೋಚ್ ಒಬ್ಬರು ಇನ್ನು ನಿಮ್ಮ ಅಗತ್ಯವಿಲ್ಲವೆಂದು ನನಗೆ ತಮಾಷೆಯಾಗಿ ಹೇಳುತ್ತಿದ್ದರು. ತಮಾಷೆಯ ಅಡಿಯಲ್ಲಿ ನಿಜವೂ ಇತ್ತು. ಬಾಯ್ಲರ್ ವಿಷಯಕ್ಕೆ ಆ್ಯಪ್ ಸಾಕು, ಅದು ನನಗೂ ಒಳ್ಳೆಯದೇ ಆಯಿತು. ಅದು ಸಾಕಾಗದ ಜಾಗ ಎಲ್ಲಿ ಎಂದು ಮುಂದೆ ಹೇಳುತ್ತೇನೆ.

ಆಟಗಾರರ ಚಿಕಿತ್ಸೆಯ ಕೋಣೆಯಲ್ಲಿ ನಾನು ಕಳೆದಷ್ಟು ಹೊತ್ತು ಬೇರೆಲ್ಲೂ ಕಳೆದಿಲ್ಲ. ಅಮಾರೊನ ಎರಡೂ ಮಂಡಿಗಳು ಸವೆದಿದ್ದವು. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಅಡ್ಡಡ್ಡ ಇಳಿಯುತ್ತಿದ್ದ. ಶೈಲಜಾ ನೋವು ಹೇಗಿದೆ ಎಂದು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ 'ಐ ಆಮ್ ಫೈನ್' ಎನ್ನುತ್ತಿದ್ದ. ಅವರು ನನ್ನ ಕಡೆ ನೋಡುತ್ತಿದ್ದರು. ಅವನು ಆಡಿದ್ದು ಅಷ್ಟೇ, ನಾನು ಹೇಳುವುದೂ ಅಷ್ಟೇ. ಅವರಿಗೂ ಅದು ಗೊತ್ತಿತ್ತು. ಶೈಲಜಾ ಎದ್ದು ಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ, "ಫೈನ್ ಅಂದ್ರೆ ಏನು ಅಂತ ಇವರಿಗೆ ಒಂದ್ಸಲ ಟ್ರಾನ್ಸ್‌ಲೇಟ್ ಮಾಡಿ ಹೇಳಿ" ಎನ್ನುತ್ತಿದ್ದರು. ಆ ಕಟ್ಟಡದಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಚಹಾದ ಬಗ್ಗೆ, ಮಳೆಯ ಬಗ್ಗೆ, ಸೋತ ಮೇಲಿನ ಮೌನದ ಬಗ್ಗೆ ನಾವು ಕನ್ನಡದಲ್ಲಿ ಗೊಣಗಿಕೊಳ್ಳುತ್ತಿದ್ದೆವು. ಕೆಲಸದ ಮಾತನ್ನು ಕನ್ನಡದಲ್ಲಿ ಎಂದೂ ಆಡಿರಲಿಲ್ಲ.

ಅಮಾರೊ ಬಂದ ಮೇಲಿನ ಮೂರನೇ ಫುಟ್‌ಬಾಲ್ ಋತು. ಅದರ ಕೊನೆಗೆ ಅವನ ಕರಾರು ಮುಗಿಯುತ್ತಿತ್ತು. ಇನ್ನೊಂದು ವರ್ಷ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಕ್ಲಬ್ಬು ಇನ್ನೂ ತೀರ್ಮಾನಿಸಿರಲಿಲ್ಲ. ಆ ವಯಸ್ಸಿನ ಆಟಗಾರನನ್ನು ಬಿಟ್ಟರೆ ಬೇರೆ ಯಾರೂ ಕರೆಯುವುದಿಲ್ಲ. ಮಗಳು ಶಾಲೆಗೆ ಹೊಂದಿಕೊಂಡಿದ್ದಳು, ಲೂರ್ದೆಸ್ ಇಲ್ಲಿ ನರ್ಸ್ ಆಗಲು ಪರೀಕ್ಷೆಗೆ ಓದುತ್ತಿದ್ದಳು. ತಂಡವೂ ಆ ವರ್ಷ ವಿಚಿತ್ರವಾಗಿ ಚೆನ್ನಾಗಿ ಆಡುತ್ತಿತ್ತು. ಮಾರ್ಚ್ ಕಳೆದರೂ ನಂಬಿಕೆ ಕಳೆದಿರಲಿಲ್ಲ. ಉತ್ತರದ ಒಂದು ಊರಿನ ತಂಡದ ಜೊತೆ ನಮ್ಮ ಮೈದಾನದಲ್ಲೇ ಪಂದ್ಯ. ಗೆದ್ದರೆ ಮೇಲಿನ ದರ್ಜೆಯ ಬಾಗಿಲು ತಟ್ಟಬಹುದಿತ್ತು.

ಮೊದಲ ಅರ್ಧ ಮುಗಿಯಲು ಸ್ವಲ್ಪ ಹೊತ್ತಿರುವಾಗ ನಮಗೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಕಾರ್ನರ್ ಸಿಕ್ಕಿತು. ಅಂಥ ವೇಳೆ ಅಮಾರೊ ಹಿಂದೆಯೇ ನಿಲ್ಲುವವನು. ಅವತ್ತು ಯಾಕೋ ಮುಂದೆ ಓಡಿದ. ಚೆಂಡು ಗಾಳಿಯಲ್ಲಿ ಬಂತು. ಅವನೂ ಎದುರಾಳಿಯ ರಕ್ಷಕನೂ ಒಟ್ಟಿಗೆ ಹಾರಿದರು. ಚೆಂಡು ಅವನ ತಲೆಗೆ ತಾಗಿ ಗೋಲಿನೊಳಗೆ ಹೋಯಿತು. ಅದೇ ಕ್ಷಣ ರಕ್ಷಕನ ಹಣೆ ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬೆಂಚಿನಲ್ಲಿ ಕೂತಿದ್ದ ನನಗೂ ಆ ಸದ್ದು ಕೇಳಿಸಿತು. ಮೈದಾನವೆಲ್ಲ ಕುಣಿಯುತ್ತಿತ್ತು. ಅವನ ಮೇಲೆ ಜೊತೆಯವರು ಬಿದ್ದು ತಬ್ಬಿದರು. ಅವರು ಎದ್ದ ಮೇಲೂ ಅವನು ಏಳಲು ತಡಮಾಡಿದ. ಶೈಲಜಾ ಓಡಿಹೋದರು. ಅಷ್ಟರಲ್ಲಿ ಅವನು ಎದ್ದು ನಿಂತು, ನನಗೆ ದೂರದಿಂದಲೇ ತುಟಿ ಓದಲು ಬರುವ ಆ ಮಾತನ್ನೇ ಹೇಳಿದ. ನಡಿಗೆ ನೆಟ್ಟಗಿತ್ತು. ರೆಫರಿ ಆಟ ಮುಂದುವರಿಸಿದರು, ಸ್ವಲ್ಪದರಲ್ಲೇ ಹಾಫ್ ಟೈಮ್ ಆಯಿತು.

ತಲೆಗೆ ಪೆಟ್ಟು ಬಿದ್ದ ಆಟಗಾರ ಮುಂದೆ ಆಡಬಹುದೋ ಇಲ್ಲವೋ ಎಂಬುದರಲ್ಲಿ ಡಾಕ್ಟರ ಮಾತೇ ಕೊನೆ, ಮ್ಯಾನೇಜರ ಮಾತಲ್ಲ ಎಂಬ ನಿಯಮ ಆಗಷ್ಟೇ ಬಂದಿತ್ತು. ಶೈಲಜಾ ಅಮಾರೊನನ್ನು ಡ್ರೆಸಿಂಗ್ ರೂಮಿನ ಪಕ್ಕದ ಚಿಕಿತ್ಸೆಯ ಕೋಣೆಗೆ ಕರೆತಂದು ಮಂಚದ ಮೇಲೆ ಕೂರಿಸಿದರು. ನಾನು ಅವನ ಪಕ್ಕದಲ್ಲಿ ನಿಂತೆ. ಮ್ಯಾನೇಜರು ಬಾಗಿಲಿಗೆ ಒರಗಿ ನಿಂತು ಬೇಗ ಮುಗಿಸಿ ಎಂದು ಗೊಣಗುತ್ತಿದ್ದರು. ಕಣ್ಣಿಗೆ ಬೆಳಕು ಹಾಕಿ ನೋಡಿದ ಮೇಲೆ ಶೈಲಜಾ ತಲೆಗೆ ಪೆಟ್ಟು ಬಿದ್ದವರನ್ನು ಕೇಳುವ ಪ್ರಶ್ನೆಗಳನ್ನು ಶುರುಮಾಡಿದರು. ಸರಳ ಪ್ರಶ್ನೆಗಳು. ನಾವೀಗ ಎಲ್ಲಿದ್ದೇವೆ? ಸರಿಯಾಗಿ ಹೇಳಿದ. ಇದು ಮೊದಲ ಅರ್ಧವೋ ಎರಡನೆಯದೋ? ಹಾಫ್ ಟೈಮ್ ಎಂದು ಗೋಡೆಯ ಆಚೆಯ ಗದ್ದಲದಿಂದಲೇ ಯಾರಿಗಾದರೂ ತಿಳಿಯುತ್ತಿತ್ತು. ಅದನ್ನೂ ಹೇಳಿದ. ಕೊನೆಯ ಗೋಲು ಹೊಡೆದವರು ಯಾರು?

ನಾನು ಆ ಪ್ರಶ್ನೆಯನ್ನು ಪೋರ್ಚುಗೀಸಿನಲ್ಲಿ ಹೇಳಿದೆ. ಅವನು ಉತ್ತರಿಸುವವನ ಹಾಗೆ ಮುಖ ನೆಟ್ಟಗಿಟ್ಟುಕೊಂಡು, ದನಿ ಏರಿಸದೆ, ಇಳಿಸದೆ ಮಾತಾಡಿದ.

"ಸೆನ್ಯೋರ್ ದಾಮೊ, ಗೋಲು ಹೊಡೆದಿದ್ದು ಯಾರು? ಒಂದು ಹೆಸರು ಹೇಳಿಬಿಡಿ. ನಾನು ಆಡಲೇಬೇಕು. ನಿಮಗೆ ಗೊತ್ತಲ್ಲ."

ಅವನಿಗೆ ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಅವನು ಏನೋ ಆಡಿದ, ನಾನು ಅವನ ಉತ್ತರವೆಂಬಂತೆ ಇಂಗ್ಲಿಷಿನಲ್ಲಿ 'ನಾನೇ ಹೊಡೆದೆ' ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆ ಕೋಣೆಯಲ್ಲಿ ಪೋರ್ಚುಗೀಸು ಬರುತ್ತಿದ್ದವರು ನಾವಿಬ್ಬರೇ. ಅವನು ನನ್ನ ಮುಖ ನೋಡುತ್ತಿದ್ದ. ಲೂರ್ದೆಸಳ ಪುಸ್ತಕಗಳು, ಮಗಳ ಶಾಲೆ, ಎಲ್ಲ ನನಗೆ ಗೊತ್ತಿತ್ತು. ಅದರ ಜೊತೆಗೆ ಇನ್ನೊಂದೂ ಗೊತ್ತಿತ್ತು. ಜೀವಮಾನದಲ್ಲಿ ಬೆರಳೆಣಿಕೆಯ ಗೋಲು ಹೊಡೆದವನಿಗೆ, ಈಗಷ್ಟೇ ಹೊಡೆದ ಗೋಲು ನೆನಪಿನಲ್ಲಿರಲಿಲ್ಲ.

ನಾನು ಶೈಲಜಾ ಕಡೆ ತಿರುಗಿದೆ. ಇಂಗ್ಲಿಷಿನಲ್ಲಿ ಹೇಳಿ ಬಾಗಿಲಲ್ಲಿದ್ದ ಮ್ಯಾನೇಜರ ಕಿವಿಗೆ ಬಿದ್ದರೆ ಅವರು ನಡುವೆ ಬಾಯಿ ಹಾಕುತ್ತಾರೆ, ಡಾಕ್ಟರಿಗೆ ಯೋಚಿಸಲು ಪುರಸೊತ್ತು ಕೊಡುವುದಿಲ್ಲ ಎಂದು ಅನ್ನಿಸಿತು. ಕನ್ನಡ ತಾನಾಗಿ ಬಂತು.

"ಗೋಲು ಹೊಡೆದವರು ಯಾರು ಅಂತ ನನ್ನನ್ನೇ ಕೇಳ್ತಿದಾನೆ, ಡಾಕ್ಟ್ರೆ. ಹೆಸರು ಹೇಳಿಕೊಡಿ ಅಂತಿದಾನೆ."

ಶೈಲಜಾ ಪೆನ್ ಟಾರ್ಚನ್ನು ಜೇಬಿಗೆ ಹಾಕಿಕೊಂಡರು. ಅಮಾರೊನ ಭುಜದ ಮೇಲೆ ಕೈಯಿಟ್ಟು, ಇವತ್ತಿಗೆ ನಿನ್ನ ಆಟ ಮುಗಿಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅದನ್ನು ನಾನು ದಾಟಿಸಬೇಕಾಗಲಿಲ್ಲ. ಅವನಿಗೆ ಅರ್ಥವಾಗಿತ್ತು. ಅವನು ಅವರನ್ನು ನೋಡಲಿಲ್ಲ, ನನ್ನನ್ನೇ ನೋಡಿದ. ಮ್ಯಾನೇಜರು ಒಳಗೆ ನುಗ್ಗಿ ಶೈಲಜಾ ಅವರ ಜೊತೆ ಜಗಳಕ್ಕೆ ನಿಂತರು. ಹುಡುಗ ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳಿದ್ದಾನೆ, ಈ ಮುದುಕ ನಿಮ್ಮ ಕಿವಿಯಲ್ಲಿ ಏನು ಊದಿದ ಎಂದು ಕೇಳಿದರು. ಶೈಲಜಾ ಅವರಿಗೆ ಒಂದೇ ಮಾತು ಹೇಳಿದರು, ತೀರ್ಮಾನ ನನ್ನದು ಎಂದು. ಅವರು ದನಿ ಎತ್ತಿದ್ದನ್ನು ನಾನು ಅವತ್ತೂ ಕೇಳಲಿಲ್ಲ.

ಎರಡನೇ ಅರ್ಧದಲ್ಲಿ ನಾವು ಸೋತೆವು. ಎದುರಾಳಿಗಳು ಹೊಡೆದ ಎರಡು ಗೋಲುಗಳೂ ಅಮಾರೊ ನಿಲ್ಲುತ್ತಿದ್ದ ಜಾಗದ ಮೂಲಕವೇ ಬಂದವು. ಆಟ ನೋಡಲು ಕಲಿತಿದ್ದರಿಂದ ಅದು ನನಗೂ ಕಂಡಿತು. ಪಂದ್ಯ ಮುಗಿದ ಮೇಲೆ ಮ್ಯಾನೇಜರು ನನ್ನನ್ನು ಕರೆದು ಅದು ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಅಂಥದ್ದೊಂದು ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಕೋಣೆಯಲ್ಲಿ ನನಗೆ ತಿಳಿಯದ ಭಾಷೆಯಲ್ಲಿ ನನ್ನ ಆಟಗಾರನ ಬಗ್ಗೆ ಮಾತಾಡುವವರು ನನಗೆ ಬೇಡ ಎಂದರು. ಬೈಗುಳವಿಲ್ಲದೆ ಹೇಳಿದರು. ಹಾಗಾಗಿ ಅದು ಕೊನೆಯ ಮಾತು ಎಂದು ತಿಳಿಯಿತು.

ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ ಹೇಳಬೇಕಿತ್ತು, ದುಭಾಷಿ ಒಬ್ಬರ ಕಿವಿಗೆ ಮಾತ್ರ ಮಾತಾಡಬಾರದು ಎಂದು ನಿಯಮ ಬಲ್ಲವರು ಹೇಳುತ್ತಾರೆ. ಸರಿಯೇ. ಅವರು ಆ ಕೋಣೆಯಲ್ಲಿ ನಿಂತಿರಲಿಲ್ಲ ಎಂದಷ್ಟೇ ನಾನು ಹೇಳಬಲ್ಲೆ. ಇನ್ನು ಆ್ಯಪ್ ಸಾಕಾಗದ ಜಾಗ ಎಂದೆನಲ್ಲ, ಅದು ಇದು. ಫೋನು ಅವನ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದು ಗೊತ್ತಿದ್ದವನು ಫೋನನ್ನು ಅಂಥದ್ದು ಕೇಳುತ್ತಲೇ ಇರಲಿಲ್ಲ. ಮನುಷ್ಯನನ್ನು ಮಾತ್ರ ಕೇಳಿದ.

ಮುಂದಿನ ವಾರಗಳಲ್ಲಿ ಅಮಾರೊನಿಗೆ ಬೆಳಕು ತಡೆಯಲು ಆಗುತ್ತಿರಲಿಲ್ಲ. ಪರದೆ ಎಳೆದ ಕೋಣೆಯಲ್ಲಿ ಮಲಗಿರುತ್ತಿದ್ದನಂತೆ. ಮಗಳು ಪಿಯಾನೊ ಮುಟ್ಟಿದರೆ ತಲೆ ಹಿಡಿದುಕೊಳ್ಳುತ್ತಿದ್ದ. ಒಂದು ಸಲ ಕಾರು ತೆಗೆದುಕೊಂಡು ಹೊರಟವನು ಎರಡು ಬೀದಿ ಆಚೆ ನಿಲ್ಲಿಸಿ, ಮನೆ ಯಾವ ಕಡೆ ಎಂದು ಲೂರ್ದೆಸಳಿಗೆ ಫೋನ್ ಮಾಡಿದ. ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ನಾನು ಒಮ್ಮೆ ನೋಡಿ ಬರೋಣವೆಂದು ಅವರ ಮನೆಗೆ ಹೋದೆ. ಬಾಗಿಲು ತೆರೆದವನು ಅಮಾರೊ. ಕಪ್ಪು ಕನ್ನಡಕ ಹಾಕಿಕೊಂಡಿದ್ದ. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಸದ್ದಾಗದ ಹಾಗೆ ಬಾಗಿಲು ಮುಚ್ಚಿದ. ಧಡಾರೆಂದು ಹಾಕಿದ್ದರೆ ನನಗೆ ಇಷ್ಟು ಕಾಲ ನೆನಪಿರುತ್ತಿರಲಿಲ್ಲ.

ತಜ್ಞರು ನೋಡಿದರು. ಹಿಂದೆಯೂ ತಲೆಗೆ ಪೆಟ್ಟುಗಳು ಬಿದ್ದಿರಬಹುದು, 'ಐ ಆಮ್ ಫೈನ್' ಎಂದು ದಾಟಿಸಿಬಿಟ್ಟಿರಬಹುದು ಎಂದರು. ಇನ್ನೊಂದು ಬಿದ್ದರೆ ಏನಾಗುತ್ತದೆಂದು ಹೇಳಲಾಗದು ಎಂದರು. ಆ ಭೇಟಿಗೆ ಅವನು ಬೇರೆ ದುಭಾಷಿಯನ್ನು ಕೇಳಿ ಕರೆಸಿಕೊಂಡಿದ್ದ. ಕ್ಲಬ್ಬು ಕರಾರು ಮುಂದುವರಿಸಲಿಲ್ಲ. ಅವನ ಆಟ ಹಾಗೆ ಮುಗಿಯಿತು, ಹಾಫ್ ಟೈಮಿನಲ್ಲಿ. ಶೈಲಜಾ ಕೂಡ ಆ ಋತುವಿನ ಕೊನೆಗೆ ಕ್ಲಬ್ಬು ಬಿಟ್ಟರು. ಶನಿವಾರ ಮನೇಲಿ ಕೂತು ಚಪಾತಿ ಲಟ್ಟಿಸೋದೂ ಒಂದು ಸುಖ ಕಣ್ರೀ ಎಂದರು. ಅವರಿಗೂ ಸಾಕಾಗಿತ್ತು.

ಲೂರ್ದೆಸ್ ಪರೀಕ್ಷೆ ಪಾಸಾಗಿ ಮ್ಯಾಂಚೆಸ್ಟರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆದಳು. ಮೂವರೂ ಅಲ್ಲಿನ ಡಿಡ್ಸ್‌ಬರಿ ಬಡಾವಣೆಗೆ ಹೋದರು. ಹೊರಡುವ ಮೊದಲು ಲೂರ್ದೆಸ್ ನನಗೆ ಫೋನ್ ಮಾಡಿದಳು.

"ನಿಮ್ಮನ್ನು ನಾನೂ ದ್ವೇಷಿಸಬೇಕು ಅಂತ ಅವನಿಗೆ ಆಸೆ. ನಾನು ನರ್ಸು, ಸೆನ್ಯೋರ್ ದಾಮೊ. ನನಗೆ ಆಗೋದಿಲ್ಲ. ಆದರೆ ಅವನ ಮುಂದೆ ಅದನ್ನು ಹೇಳೋದಕ್ಕೂ ಆಗೋದಿಲ್ಲ."

ನಾನು ಮತ್ತೆ ಆಸ್ಪತ್ರೆ, ಕೋರ್ಟುಗಳಿಗೆ ಮರಳಿದೆ. ಕೆಲಸ ಕಡಿಮೆಯಾಗುತ್ತಾ ಬಂತು. ಫೋನಿನ ಮೂಲಕ ದುಭಾಷಿಯನ್ನು ಕರೆಯುವ ಪದ್ಧತಿ ಬಂತು. ಎಲ್ಲೋ ಕೂತವರ ದನಿ ಸ್ಪೀಕರಿನಲ್ಲಿ ಬರುತ್ತದೆ, ರೋಗಿಯ ಮುಖ ಅವರಿಗೆ ಕಾಣುವುದಿಲ್ಲ. ನನ್ನ ಬಲಗಿವಿಯೂ ಮಂದವಾಗತೊಡಗಿತು. ಕೋರ್ಟಿನಲ್ಲಿ ಒಂದು ಶಬ್ದವನ್ನು ಎರಡು ಸಲ ಕೇಳಬೇಕಾಗಿ ಬಂದ ದಿನ, ಇನ್ನು ಸಾಕು ಎಂದು ಬಿಟ್ಟೆ. ಬೀಳ್ಕೊಡುಗೆ ಎಂದೇನೂ ಇರಲಿಲ್ಲ. ದುಭಾಷಿಗಳಿಗೆ ಆಫೀಸು ಇರುವುದಿಲ್ಲ.

ಬಿಟ್ಟು ಕೆಲವು ತಿಂಗಳಾದ ಮೇಲೆ ಮ್ಯಾಂಚೆಸ್ಟರಿಗೆ ಅಂಟಿಕೊಂಡ ಸ್ಯಾಲ್ಫರ್ಡಿನ ಟಿವಿ ಸ್ಟುಡಿಯೊಗಳ ಜಾಗ ಮೀಡಿಯಾಸಿಟಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ತಲೆಗೆ ಪೆಟ್ಟು ಬಿದ್ದು ಆಟ ಬಿಟ್ಟವರ ಬಗ್ಗೆ ಕಾರ್ಯಕ್ರಮ ಮಾಡುತ್ತಿದ್ದಾರೆ, ಒಬ್ಬ ಪೋರ್ಚುಗೀಸ್ ಆಟಗಾರ ಮಾತಾಡಲು ಒಪ್ಪಿದ್ದಾರೆ, ತನಗೆ ಈ ದುಭಾಷಿಯೇ ಬೇಕೆಂದು ನಿಮ್ಮ ನಂಬರ್ ಕೊಟ್ಟಿದ್ದಾರೆ ಎಂದಳು. ನಾನು ನಿವೃತ್ತನಾಗಿದ್ದೇನೆ, ಕಿವಿ ಸರಿಯಿಲ್ಲ ಎಂದೆ. ಹಾಗೆಂದು ಅವರಿಗೆ ಹೇಳಲೇ ಎಂದು ಕೇಳಿದಳು. ನಾನು ಬೇಡ, ಬರುತ್ತೇನೆ ಎಂದೆ. ಹೆಂಡತಿ ಸುನಂದಾ, "ಯಾಕ್ ಹೋಗ್ತೀರಿ, ಅವನು ಎಲ್ಲರ ಎದುರು ನಿಮ್ಮ ಮರ್ಯಾದೆ ತೆಗೀತಾನೆ" ಎಂದಳು. ತೆಗೆದರೆ ಅದನ್ನೂ ನಾನೇ ಇಂಗ್ಲಿಷಿಗೆ ದಾಟಿಸಬೇಕಲ್ಲ ಎಂದು ನನಗೆ ನಗು ಬಂತು. ನಗು ಪೂರ್ತಿ ಬರಲಿಲ್ಲ.

ಸ್ಟುಡಿಯೊದಲ್ಲಿ ಅಮಾರೊ ಮೊದಲೇ ಬಂದು ಕೂತಿದ್ದ. ಸ್ವಲ್ಪ ದಪ್ಪಗಾಗಿದ್ದ, ಕಿವಿಯ ಮೇಲೆ ಕೂದಲು ನೆರೆತಿತ್ತು. ಮೈಕ್ ಸಿಕ್ಕಿಸುತ್ತಿದ್ದ ಹುಡುಗಿಯ ಜೊತೆ ಮಗಳ ಶಾಲೆಯ ಬಗ್ಗೆ ಮಾತಾಡುತ್ತಿದ್ದ. ಇಂಗ್ಲಿಷಿನಲ್ಲಿ. ಸಲೀಸಾದ ಇಂಗ್ಲಿಷು. ನನ್ನನ್ನು ಕಂಡು ತಲೆಯಾಡಿಸಿದ, ಏಳಲಿಲ್ಲ. ನಾನು ಅವನ ಪಕ್ಕದಲ್ಲಿ ಎಡಗಿವಿ ಅವನ ಕಡೆಗಿರುವಂತೆ ಕೂತೆ. ಇಷ್ಟು ಇಂಗ್ಲಿಷು ಬರುವವನಿಗೆ ನಾನು ಯಾಕೆ ಬೇಕಿತ್ತು ಎಂದು ಕೇಳುವ ಮೊದಲೇ ದೀಪಗಳು ಹತ್ತಿದವು.

ಈ ವೃತ್ತಿಗೆ ಹೊಸಬರಾದವರಿಗೆ ಒಂದು ವಿಷಯ ಹೇಳಬೇಕು. ದುಭಾಷಿ 'ಅವನು ಹೀಗೆ ಹೇಳುತ್ತಿದ್ದಾನೆ' ಎನ್ನುವುದಿಲ್ಲ. ಅವನು 'ನಾನು' ಎಂದರೆ ನಾವೂ 'ನಾನು' ಎನ್ನಬೇಕು. ಹೀಗೆ ಅವತ್ತು ನಾನು ಅಮಾರೊನ ಬಾಯಿಯಾಗಿ ಹೇಳಿದೆ: ನನ್ನ ಕೊನೆಯ ಗೋಲನ್ನು ನಾನು ವಿಡಿಯೊದಲ್ಲಿ ನೋಡಿದ್ದೇನೆ. ನನ್ನ ಅಂಗಿ ತೊಟ್ಟ ಒಬ್ಬ ಹಾರುತ್ತಾನೆ, ನನಗೆ ಅವನ ಪರಿಚಯವಿಲ್ಲ. ಹೊರಗಿನ ಬೆಳಕು ಕಣ್ಣಿಗೆ ಒಗ್ಗಲು ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಈಗ ಮಗಳು ಪಿಯಾನೊ ನುಡಿಸುವಾಗ ಅದೇ ಕೋಣೆಯಲ್ಲಿ ಕೂರಬಲ್ಲೆ.

ಅವತ್ತು ಆಟ ನಿಲ್ಲಿಸಿದ್ದು ಯಾರು ಎಂದು ಕಾರ್ಯಕ್ರಮ ನಡೆಸುವವರು ಕೇಳಿದರು. ಅಮಾರೊ ನಿಧಾನವಾಗಿ, ನಾನು ಒಂದು ಶಬ್ದವನ್ನೂ ಬಿಡಬಾರದೆಂಬ ಹಾಗೆ, ವಾಕ್ಯ ವಾಕ್ಯವಾಗಿ ಹೇಳಿದ. ನಾನು ಹಾಗೇ ದಾಟಿಸಿದೆ.

"ನನಗೊಬ್ಬ ದುಭಾಷಿ ಇದ್ದರು. ಅವರನ್ನು ನಾನು ನಂಬಿದ್ದೆ. ನಾನು ಕೇಳಿದ ಒಂದು ಮಾತನ್ನು ಅವರು ಡಾಕ್ಟರಿಗೆ ಹೇಳಿಬಿಟ್ಟರು. ಏನು ಕೇಳಿದೆ ಅಂತ ನನಗೆ ನೆನಪೇ ಇಲ್ಲ, ಆಮೇಲೆ ಬೇರೆಯವರು ಹೇಳಿದ್ದು. ಎರಡು ವರ್ಷ ಅವರನ್ನು ದ್ವೇಷಿಸಿದೆ. ಅವರು ಸುಮ್ಮನಿದ್ದಿದ್ದರೆ ನಾನು ಎರಡನೇ ಅರ್ಧ ಆಡ್ತಿದ್ದೆ. ಅಷ್ಟು ಗೊತ್ತು. ಆಡಿದ್ದರೆ ಇವತ್ತು ಇಲ್ಲಿ ಕೂತಿರ್ತಿದ್ದೆನಾ, ಅದು ಗೊತ್ತಿಲ್ಲ. ನಾನು ಅವರಿಗೆ ಥ್ಯಾಂಕ್ಸ್ ಹೇಳಿಲ್ಲ. ಇವತ್ತೂ ಹೇಳ್ತಿಲ್ಲ. ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ. ಆದರೆ ಈ ಕಥೆ ಹೇಳಬೇಕಾದಾಗ ನನಗೆ ಬೇರೆ ಯಾರ ಬಾಯಿಯೂ ನಂಬಿಕೆಗೆ ಬರಲಿಲ್ಲ."

ಕೊನೆಯ ವಾಕ್ಯ ಹೇಳುವಾಗ ನನ್ನ ದನಿ ಗಟ್ಟಿಯಾಗಿಯೇ ಇತ್ತು. ಅದು ಅಭ್ಯಾಸ. ಅಮಾರೊ ಎದುರಿನ ಕ್ಯಾಮೆರಾ ನೋಡುತ್ತಿದ್ದ. ಕಾರ್ಯಕ್ರಮ ನಡೆಸುವವರು ಕೊನೆಯ ವಾಕ್ಯವನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಮುಂದಿನ ಪ್ರಶ್ನೆಗೆ ಹೋದರು.

ದೀಪ ಆರಿದ ಮೇಲೆ ಮೈಕ್ ಸಿಕ್ಕಿಸಿದ್ದ ಹುಡುಗಿ ಅದನ್ನು ಬಿಚ್ಚಲು ಬಂದಳು. ತುಂಬಾ ಚೆನ್ನಾಗಿ ಬಂತು, ಆ ದುಭಾಷಿಯನ್ನೂ ಹುಡುಕಿ ಕಾರ್ಯಕ್ರಮಕ್ಕೆ ಕರೆಸಿದರೆ ಹೇಗಿರುತ್ತದೆ, ಅವರು ಈಗ ಎಲ್ಲಿದ್ದಾರೆ ಎಂದು ಅಮಾರೊನನ್ನು ಕೇಳಿದಳು. ಅವನಿಗೆ ಪ್ರಶ್ನೆ ಅರ್ಥವಾಗಿತ್ತು. ಆದರೂ ಉತ್ತರಿಸದೆ ನನ್ನ ಕಡೆ ತಿರುಗಿ ಕಾದ. ನಾನು ಆ ಪ್ರಶ್ನೆಯನ್ನು ಪೋರ್ಚುಗೀಸಿನಲ್ಲಿ ಪೂರ್ತಿಯಾಗಿ ಹೇಳಿದೆ.

"ಅವರು ನಿವೃತ್ತರಾದರು ಅಂತ ಹೇಳಿ, ಸೆನ್ಯೋರ್ ದಾಮೊ" ಎಂದ. "ದಣಿದಿದ್ದಾರೆ. ಕಾಡಬೇಡಿ ಅಂತ ಹೇಳಿ."

ನಾನು ಹುಡುಗಿಯ ಕಡೆ ತಿರುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.